ಪ್ರಾಯೋಗಿಕ ಫೈಲ್ ಸಿಸ್ಟಮ್‌ನ ಪರೀಕ್ಷೆ: ಕರೆಂಟ್ ಹೋಗುವ ಊರಿನ ಹಳೆಯ ಯಂತ್ರದಿಂದ ಉಪಯೋಗವಿದೆಯೇ?

ಕೊಪ್ಪಳದ ಉಪನ್ಯಾಸಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಒಂದು ಪದವಿ ಕಾಲೇಜಿನಲ್ಲಿ ಗಣಕ ವಿಜ್ಞಾನ ಪಾಠ ಮಾಡುತ್ತೇನೆ. ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಒಂದು ಡೆಸ್ಕ್‌ಟಾಪ್ ಇದೆ. ಅದರಲ್ಲಿ ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿಯ ಒಂದು ಎಸ್‌ಎಸ್‌ಡಿ ಮತ್ತು 1 ಟಿಬಿಯ ಎರಡು ಹಾರ್ಡ್ ಡಿಸ್ಕುಗಳಿವೆ. ಇದನ್ನು ಬಿಕ್ಯಾಶ್‌ಎಫ್‌ಎಸ್ ಎಂಬ ಮುಕ್ತ ತಂತ್ರಾಂಶದ ಫೈಲ್ ಸಿಸ್ಟಮ್‌ನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿ ಇಡುವ ವ್ಯವಸ್ಥೆಯ) ಪರೀಕ್ಷೆಗೆ ಮೀಸಲಿಡಬೇಕೆಂದು ಯೋಚಿಸಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕೆಂಟ್ ಓವರ್‌ಸ್ಟ್ರೀಟ್ ಅವರು ಬರೆಯುತ್ತಿರುವ ಈ ಫೈಲ್ ಸಿಸ್ಟಮ್ 2024ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) 6.7ರಲ್ಲಿ ಪ್ರಾಯೋಗಿಕ ಎಂಬ ಸೂಚನೆಯೊಂದಿಗೆ ಸೇರಿತು. 6.17ರಲ್ಲಿ ಇದನ್ನು ಹೊರಗಿನಿಂದ ನಿರ್ವಹಣೆಯಾಗುವ ಭಾಗವೆಂದು ಗುರುತಿಸಿದರು, 2025ರ ಕೊನೆಯಲ್ಲಿ ಬಂದ 6.18ರಲ್ಲಿ ಕರ್ನಲ್‌ನ ಮೂಲ ಸಂಕೇತದಿಂದಲೇ ತೆಗೆದರು. ಈಗ ಬೇಕಾದವರು ಡಿಕೆಎಂಎಸ್ ಎಂಬ ಸಾಧನದ ಮೂಲಕ ಪ್ರತ್ಯೇಕ ಮಾಡ್ಯೂಲ್ (ಕರ್ನಲ್‌ಗೆ ಹೊರಗಿನಿಂದ ಜೋಡಿಸುವ ಭಾಗ) ಆಗಿ ಕಟ್ಟಿಕೊಳ್ಳಬೇಕು. ಕರ್ನಲ್ ಜೊತೆಗೇ ಬರುತ್ತಿದ್ದಾಗ ತಾವಾಗಿಯೇ ಸಿಗುತ್ತಿದ್ದ ಬಳಕೆದಾರರು ಇನ್ನು ಮುಂದೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಮನಸ್ಸಿಟ್ಟು ಪರೀಕ್ಷಿಸುವವರ ಅಗತ್ಯ ಹೆಚ್ಚಾಗಿದೆ ಎಂಬುದು ನನ್ನ ಅನಿಸಿಕೆ.

ನನ್ನ ಸಂದೇಹಗಳು ಹೀಗಿವೆ. ನಮ್ಮ ಓಣಿಯಲ್ಲಿ ಬೇಸಿಗೆಯಲ್ಲಿಯೂ ಮಳೆಗಾಳಿಯ ದಿನಗಳಲ್ಲಿಯೂ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಫೈಲ್ ಸಿಸ್ಟಮ್‌ಗೆ ಇದಕ್ಕಿಂತ ನಿಜವಾದ ಪರೀಕ್ಷೆ ಇಲ್ಲವೆಂದು ಒಬ್ಬರು ಹೇಳಿದರೆ, ಇಂತಹ ಯಂತ್ರದಿಂದ ಬರುವ ವರದಿಯನ್ನು ಯಾರೂ ನಂಬುವುದಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಎರಡನೆಯದಾಗಿ, ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳ ಹಾಗೂ ಕಿನ್ನಾಳದ ಗೊಂಬೆ ಕಲೆಯ ಬಹಳಷ್ಟು ಚಿತ್ರಗಳು ನನ್ನ ಬಳಿ ಇವೆ. ಪರೀಕ್ಷೆಗೆ ಇಂತಹ ನಿಜವಾದ ಕಡತಗಳನ್ನೇ ಹಾಕಬೇಕೇ, ಇಲ್ಲವೇ ಯಂತ್ರವೇ ಸೃಷ್ಟಿಸಿದ ಕಡತಗಳು ಸಾಕೇ? ಕೊನೆಯದಾಗಿ, ಸಿ ಭಾಷೆಯನ್ನು ಪಾಠದ ಮಟ್ಟಿಗೆ ಬಲ್ಲೆನೇ ಹೊರತು ಕರ್ನಲ್‌ನ ಒಳಗೆ ಕೈಯಾಡಿಸಿದವಳಲ್ಲ. ನನ್ನಂಥವರ ವರದಿಯಿಂದ ಅಭಿವೃದ್ಧಿ ಮಾಡುವವರಿಗೆ ನಿಜವಾಗಿ ಅನುಕೂಲವಾಗುತ್ತದೆಯೇ?

ರಾಯಚೂರಿನ ಸಿಸ್ಟಮ್ ನಿರ್ವಾಹಕ

ಮೇಡಂ, ತಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದ ಉತ್ತರಗಳು ಅದರಿಂದಲೇ ಹೊರಡುತ್ತವೆ. ಕರ್ನಲ್ ಬಲ್ಲವರಾಗಿರುವುದು ಇಲ್ಲಿ ಅನಿವಾರ್ಯವಲ್ಲ. ಪರೀಕ್ಷೆಗೊಳಪಟ್ಟ ಡಿಸ್ಕಿನ ಮೇಲೆ ಏನೇನು ಇರಬೇಕಾಗಿತ್ತು ಎಂಬ ದಾಖಲೆ ಆ ಡಿಸ್ಕಿನ ಹೊರಗೆ ತಮ್ಮ ಬಳಿ ಇರುವುದು ಅನಿವಾರ್ಯ. ಭತ್ತದ ಲಾರಿಯನ್ನು ಮಿಲ್ಲಿಗೆ ಕಳುಹಿಸುವ ರೈತ ಹೊರಗಿನ ಕಾಟಾದಲ್ಲಿ ತೂಕ ಮಾಡಿಸಿದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದರೆ ಮಾತ್ರ ಮಿಲ್ಲಿನ ತೂಕದ ಬಗ್ಗೆ ಮಾತನಾಡಬಲ್ಲ. ಇಲ್ಲಿಯೂ ಅಷ್ಟೇ. "ನನ್ನ ಕೆಲವು ಕಡತಗಳು ಹಾಳಾದಂತೆ ಕಾಣುತ್ತವೆ" ಎಂಬ ವರದಿಯಿಂದ ಯಾರೂ ಏನನ್ನೂ ಮಾಡಲಾಗದು. ಇಂಥ ಕಡತ ಇಷ್ಟು ಗಂಟೆಗೆ ಡಿಸ್ಕಿಗೆ ಸೇರಿತೆಂದು ಫೈಲ್ ಸಿಸ್ಟಮ್ ಒಪ್ಪಿಕೊಂಡಿತ್ತು, ಮತ್ತೆ ಯಂತ್ರ ಏರಿದಾಗ ಅದರ ಮೂರನೆಯ ಬ್ಲಾಕಿನಲ್ಲಿ (ಕಡತವನ್ನು ಹಂಚಿ ಇಡುವ ಸಮ ತುಂಡುಗಳಲ್ಲಿ ಒಂದರಲ್ಲಿ) ಹಳೆಯ ಮಾಹಿತಿ ಇತ್ತು ಎಂಬ ವರದಿ ಬಂದರೆ ಅವರು ಆ ದಿನವೇ ಕೆಲಸ ಆರಂಭಿಸಬಲ್ಲರು.

"ಒಪ್ಪಿಕೊಂಡಿತ್ತು" ಎಂಬುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪ್ರೋಗ್ರಾಮ್ ಒಂದು ಕಡತವನ್ನು ಬರೆದು ಮುಚ್ಚಿದ ಮಾತ್ರಕ್ಕೆ ಅದು ಡಿಸ್ಕಿಗೆ ಹೋಯಿತೆಂದು ಅರ್ಥವಲ್ಲ. ಅದು ಬಹುಮಟ್ಟಿಗೆ ಇನ್ನೂ ಮೆಮೊರಿಯಲ್ಲಿಯೇ ಇರುತ್ತದೆ. ಎಫ್‌ಸಿಂಕ್ ಎಂಬ ಕರೆಯನ್ನು ಕೊಟ್ಟು, ಅದು ಯಶಸ್ವಿಯಾಗಿ ಹಿಂತಿರುಗಿದ ಮೇಲೆಯೇ ಕಡತದ ಹೊಣೆ ಫೈಲ್ ಸಿಸ್ಟಮ್‌ಗೆ ವರ್ಗವಾಗುತ್ತದೆ. ಈ ಗೆರೆ ಎಷ್ಟು ಮುಖ್ಯವೆಂಬುದಕ್ಕೆ ಲಿನಕ್ಸ್‌ನ ಬಹುಬಳಕೆಯ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ರ ಚರಿತ್ರೆಯನ್ನೇ ನೋಡಬಹುದು. 2008ರ ಡಿಸೆಂಬರಿನ 2.6.28 ಕರ್ನಲ್‌ನಲ್ಲಿ ಅದರ ಮೇಲಿದ್ದ ಪ್ರಾಯೋಗಿಕ ಎಂಬ ಗುರುತು ಹೋಯಿತು. 2009ರ ಆರಂಭದಲ್ಲಿ, ಇನ್ನೂ ಬಿಡುಗಡೆಯಾಗಿರದ ಉಬುಂಟು 9.04ನ್ನು ಪರೀಕ್ಷಿಸುತ್ತಿದ್ದ ಸಾಮಾನ್ಯ ಬಳಕೆದಾರರು, ಯಂತ್ರ ಹಠಾತ್ತನೆ ನಿಂತು ಮತ್ತೆ ಏರಿದಾಗ ಸ್ವಲ್ಪ ಹೊತ್ತಿನ ಹಿಂದೆ ಬರೆದ ಕಡತಗಳು ಶೂನ್ಯ ಗಾತ್ರದವಾಗಿವೆ ಎಂದು ವರದಿ ಮಾಡಿದರು. ಹಿಂದಿನ ಇಎಕ್ಸ್‌ಟಿ3 ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ತಳ್ಳುತ್ತಿದ್ದುದರಿಂದ ಎಫ್‌ಸಿಂಕ್ ಕರೆಯದ ಪ್ರೋಗ್ರಾಮ್‌ಗಳೂ ಬದುಕಿಕೊಂಡಿದ್ದವು. ಇಎಕ್ಸ್‌ಟಿ4 ವೇಗಕ್ಕಾಗಿ ಜಾಗ ಹಂಚುವುದನ್ನು ಮುಂದೂಡುತ್ತಿದ್ದುದರಿಂದ ಆ ಆಸರೆ ತಪ್ಪಿತು. ಇಎಕ್ಸ್‌ಟಿ4ರ ನಿರ್ವಾಹಕರಾದ ಟೆಡ್ ಸೋ ಅವರು ತಪ್ಪು ಪ್ರೋಗ್ರಾಮ್‌ಗಳದ್ದು, ನಿಯಮ ಅಂತಹ ಭರವಸೆಯನ್ನು ಕೊಟ್ಟೇ ಇಲ್ಲವೆಂದು ವಿವರಿಸಿದರು. ಹಾಗಿದ್ದರೂ, ಹೊಸ ಕಡತವನ್ನು ಬರೆದು ಹಳೆಯ ಹೆಸರಿಗೆ ಬದಲಾಯಿಸುವ ಸಂದರ್ಭದಲ್ಲಿ ತಡಮಾಡದೆ ಡಿಸ್ಕಿಗೆ ಕಳುಹಿಸುವ ತಿದ್ದುಪಡಿಯನ್ನು 2.6.30ಕ್ಕೆ ಸೇರಿಸಿದರು. ಅದು ಆ ವರದಿಗಳ ಫಲ. ನಿಯಮದ ಪ್ರಕಾರ ಸರಿಯಾಗಿದ್ದದ್ದು ಬಳಕೆಯಲ್ಲಿ ಜನರ ಕಡತಗಳನ್ನು ತಿನ್ನುತ್ತಿದೆ ಎಂಬುದು ಬಳಸಿದವರಿಂದಲೇ ತಿಳಿಯಬೇಕಾಗಿತ್ತು.

ಆದ್ದರಿಂದ ನಾನು ಸೂಚಿಸುವ ಕ್ರಮ ಇದು. ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆಯಿರಿ. ಅದು ಬೇರೆ ಬೇರೆ ಗಾತ್ರದ ಕಡತಗಳನ್ನು ಬರೆಯಲಿ, ಕೆಲವನ್ನು ತಿದ್ದಲಿ, ಕೆಲವನ್ನು ಅಳಿಸಲಿ, ಹೆಸರು ಬದಲಾಯಿಸಲಿ. ಪ್ರತಿ ಕೆಲಸದ ನಂತರ ಕಡತದ ಮೇಲೆಯೂ ಅದು ಇರುವ ಡೈರೆಕ್ಟರಿಯ ಮೇಲೆಯೂ ಎಫ್‌ಸಿಂಕ್ ಕರೆಯಲಿ, ಏಕೆಂದರೆ ಕಡತದ ಒಳಗಿರುವುದು ಡಿಸ್ಕಿಗೆ ಸೇರಿದರೂ ಅದರ ಹೆಸರು ಸೇರದೆ ಹೋಗಬಹುದು. ಅದು ಹಿಂತಿರುಗಿದ ಮೇಲೆ ಕಡತದ ಹೆಸರು, ಗಾತ್ರ ಮತ್ತು ಎಸ್‌ಎಚ್‌ಎ-256 ಚೆಕ್‌ಸಮ್ (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಇರುವ ಒಂದು ಸಾಲನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸಲಿ. ಆ ಇನ್ನೊಂದು ಯಂತ್ರ ಬ್ಯಾಟರಿ ಇರುವ ಯಾವುದಾದರೂ ಹಳೆಯ ಲ್ಯಾಪ್‌ಟಾಪ್ ಆಗಿರಲಿ. ಎರಡರ ನಡುವೆ ನೇರವಾಗಿ ಒಂದು ಲ್ಯಾನ್ ಕೇಬಲ್ ಎಳೆಯಿರಿ. ನಡುವೆ ರೂಟರ್ ಇದ್ದರೆ ಕರೆಂಟ್ ಹೋದ ಕ್ಷಣ ಅದೂ ಆರಿಹೋಗಿ, ಯಾವ ಸಾಲು ಕೊನೆಯದೆಂಬ ಬಗ್ಗೆಯೇ ಅನುಮಾನ ಹುಟ್ಟುತ್ತದೆ.

ಇದರೊಂದಿಗೆ ಪ್ರತಿ 4 ಕೆಬಿ ಬ್ಲಾಕಿನ ಆರಂಭದಲ್ಲಿ ಆ ಕಡತದ ಹೆಸರು, ಬ್ಲಾಕಿನ ಕ್ರಮಾಂಕ ಮತ್ತು ಅದನ್ನು ಎಷ್ಟನೆಯ ಬಾರಿ ಬರೆಯಲಾಗುತ್ತಿದೆ ಎಂಬುದನ್ನು ಸೇರಿಸಿಬಿಡಿ. ಚೆಕ್‌ಸಮ್ ತಾಳೆಯಾಗಲಿಲ್ಲ ಎಂಬುದು ಹಾನಿಯಾಗಿದೆ ಎಂದಷ್ಟೇ ಹೇಳುತ್ತದೆ, ಎಂತಹ ಹಾನಿ ಎಂಬುದನ್ನು ಈ ಗುರುತು ಹೇಳುತ್ತದೆ. ಬ್ಲಾಕಿನ ತುಂಬ ಸೊನ್ನೆಗಳಿದ್ದರೆ ಬರೆಯದೆ ಉಳಿದ ಜಾಗವನ್ನು ಓದುತ್ತಿದ್ದೇವೆ, ಬೇರೊಂದು ಕಡತದ ಹೆಸರಿದ್ದರೆ ಜಾಗದ ನಕ್ಷೆ ತಪ್ಪಿದೆ, ಹಳೆಯ ಸರದಿಯ ಸಂಖ್ಯೆ ಇದ್ದರೆ ಹೊಸ ಬರಹ ನಡುವೆ ಎಲ್ಲಿಯೋ ಕಳೆದುಹೋಗಿದೆ. ಮೂರರ ಕಾರಣಗಳನ್ನೂ ಮೂಲ ಸಂಕೇತದ ಬೇರೆ ಬೇರೆ ಭಾಗಗಳಲ್ಲಿ ಹುಡುಕಬೇಕಾಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಪಟ್ಟಿಯೊಂದಿಗೆ ತಾಳೆ ನೋಡುವಾಗ, ಅದೇ ಕ್ಷಣದಲ್ಲಿ ಬರೆಯಲ್ಪಡುತ್ತಿದ್ದ ಕಡತದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪಟ್ಟಿಯಲ್ಲಿ ಸಾಲು ಬಂದಿದ್ದು ಡಿಸ್ಕಿನಲ್ಲಿ ಕಡತ ಇಲ್ಲದಿದ್ದರೆ ಅದು ದೋಷ. ಎಂದೋ ಬರೆದು, ನಂತರ ಯಾರೂ ಮುಟ್ಟದ ಕಡತ ಬದಲಾಗಿದ್ದರೆ ಅದು ಎಲ್ಲಕ್ಕಿಂತ ಗಂಭೀರವಾದ ದೋಷ, ಅಂತಹದ್ದು ಕಂಡರೆ ಉಳಿದದ್ದನ್ನೆಲ್ಲ ನಿಲ್ಲಿಸಿ.

ಶಾಸನದ ಚಿತ್ರಗಳನ್ನು ಖಂಡಿತ ಹಾಕಿ, ಆದರೆ ಅವು ಮೂರನೆಯ ಪ್ರತಿಯಾಗಿರಲಿ. ಮೊದಲ ಎರಡು ಪ್ರತಿಗಳು ಹಳೆಯ, ನೆಚ್ಚಬಹುದಾದ ಫೈಲ್ ಸಿಸ್ಟಮ್‌ಗಳ ಮೇಲೆ ಇರಲಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ನಿಜವಾದ ಕಡತಗಳನ್ನು ಬಳಸುವಾಗ ಮನುಷ್ಯ ಮಾಡುವ ಕೆಲಸಗಳು, ಅಂದರೆ ಥಂಬ್‌ನೇಲ್ ತೆರೆಯುವುದು, ಫೋಲ್ಡರ್ ಎಳೆದು ಹಾಕುವುದು, ಡಿಸ್ಕ್ ತುಂಬುವವರೆಗೂ ನಕಲು ಮಾಡಿ ಅರ್ಧ ಅಳಿಸುವುದು, ಇವೆಲ್ಲ ಪೈಥಾನ್ ಪ್ರೋಗ್ರಾಮಿನ ಕಲ್ಪನೆಗೆ ಬರುವುದಿಲ್ಲ. ಡಿಸ್ಕ್ ತುಂಬಿದಾಗಿನ ವರ್ತನೆಯನ್ನಂತೂ ವಿಶೇಷವಾಗಿ ನೋಡಿ. ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವ ಫೈಲ್ ಸಿಸ್ಟಮ್‌ಗಳಿಗೆ ಒಂದು ಕಡತವನ್ನು ಅಳಿಸಲಿಕ್ಕೂ ಸ್ವಲ್ಪ ಖಾಲಿ ಜಾಗ ಬೇಕು.

ಬಳ್ಳಾರಿಯ ಹಾರ್ಡ್‌ವೇರ್ ದುರಸ್ತಿಗಾರ

ರಾಯಚೂರಿನ ಸರ್ ಹೇಳಿದ ಪಟ್ಟಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪಟ್ಟಿ ತಾಳೆಯಾಗದಿದ್ದಾಗ ಫೈಲ್ ಸಿಸ್ಟಮ್ ಕಡೆಗೆ ಬೆರಳು ಮಾಡುವ ಮೊದಲು ಯಂತ್ರವನ್ನು ವಿಚಾರಿಸಬೇಕು, ಮತ್ತು ಆ ಕೆಲಸವನ್ನು ಪರೀಕ್ಷೆ ಆರಂಭಿಸುವ ಮೊದಲೇ ಮಾಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಧೂಳು ತುಂಬಿದ ಹಳೆಯ ಕ್ಯಾಬಿನೆಟ್ಟಿನೊಳಗೆ ಅದು ಇನ್ನೂ ಹೆಚ್ಚು.

ಮೊದಲು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಪೂರ್ತಿ ಓಡಿಸಿ. ಮನೆಬಳಕೆಯ ಡೆಸ್ಕ್‌ಟಾಪುಗಳ ರ‍್ಯಾಮ್‌ನಲ್ಲಿ ಸಾಮಾನ್ಯವಾಗಿ ತಪ್ಪು ತಿದ್ದುವ ವ್ಯವಸ್ಥೆ ಇರುವುದಿಲ್ಲ. ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ರ‍್ಯಾಮ್‌ನಲ್ಲಿ ಒಂದು ಬಿಟ್ ಉಲ್ಟಾ ಆದರೆ ಫೈಲ್ ಸಿಸ್ಟಮ್ ಆ ತಪ್ಪು ಮಾಹಿತಿಗೇ ಸರಿಯಾದ ಚೆಕ್‌ಸಮ್ ಹಾಕಿ ಇಡುತ್ತದೆ, ನಂತರ ಎಷ್ಟು ಸಲ ಪರಿಶೀಲಿಸಿದರೂ ಅದಕ್ಕೆ ತಪ್ಪು ಕಾಣುವುದಿಲ್ಲ. ನಂತರ ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆಯ ಮೂಲಕ ಎರಡೂ ಹಾರ್ಡ್ ಡಿಸ್ಕುಗಳ ಸ್ಥಿತಿ ನೋಡಿ. ಅದು ತೋರಿಸುವ ಪಟ್ಟಿಯಲ್ಲಿ 5ನೆಯ ಮತ್ತು 197ನೆಯ ಅಂಕಿಗಳು ಹಾಳಾದ ಸೆಕ್ಟರುಗಳನ್ನು ತೋರಿಸುತ್ತವೆ. 199ನೆಯದು ಏರುತ್ತಿದ್ದರೆ ಬಹುತೇಕ ಸಾಟಾ ಕೇಬಲ್ಲಿನ ತೊಂದರೆ, ಹೊಸ ಕೇಬಲ್ ಹಾಕಿದರೆ ಮುಗಿಯಿತು. ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿದ ಡಿಸ್ಕನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು "ಈಗಲೇ ಬರೆದು ಮುಗಿಸು" ಎಂಬ ಆಜ್ಞೆಯನ್ನು ಡಿಸ್ಕಿಗೆ ತಲುಪಿಸುವುದೇ ಇಲ್ಲ, ತಲುಪಿಸಿದ್ದೇವೆಂದು ಉತ್ತರಿಸುತ್ತವೆ. ಅಂತಹ ಪೆಟ್ಟಿಗೆಯ ಮೇಲೆ ಯಾವ ಫೈಲ್ ಸಿಸ್ಟಮ್ ಇದ್ದರೂ ಕರೆಂಟ್ ಹೋದಾಗ ಕಡತ ಕಳೆಯುತ್ತದೆ.

ಕರೆಂಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕರೆಂಟ್ ಹೋಗುವುದನ್ನು ಕಾದು ಕುಳಿತು ಮಾಡುವ ಪರೀಕ್ಷೆಯಿಂದ ಪವರ್ ಸಪ್ಲೈಗೂ ಡಿಸ್ಕಿಗೂ ಪೆಟ್ಟು ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದೇ ಕ್ಷಣ ಮತ್ತೆ ಸಿಗುವುದಿಲ್ಲ. ದೋಷ ಕಂಡರೂ ಅದನ್ನು ಎರಡನೆಯ ಸಲ ತೋರಿಸಲಾಗದಿದ್ದರೆ ವರದಿಯ ಬಲ ಅರ್ಧಕ್ಕಿಳಿಯುತ್ತದೆ. ಯಂತ್ರಕ್ಕೆ ಒಂದು ಯುಪಿಎಸ್ ಹಾಕಿಬಿಡಿ, ಕರೆಂಟ್ ಹೋಗುವುದನ್ನು ತಂತ್ರಾಂಶದಿಂದ ಅನುಕರಿಸಿ.

ಅನುಕರಣೆಯಲ್ಲಿಯೂ ಒಂದು ಬಲೆ ಇದೆ. ಕ್ಯೂಎಮು ಎಂಬ ತಂತ್ರಾಂಶದ ಒಳಗೆ ವರ್ಚುವಲ್ ಯಂತ್ರವನ್ನು (ತಂತ್ರಾಂಶವೇ ಅನುಕರಿಸುವ ಯಂತ್ರವನ್ನು) ಓಡಿಸಿ, ಅದನ್ನು ಹಠಾತ್ತನೆ ಕೊಂದರೆ ಕರೆಂಟ್ ಹೋದಂತೆಯೇ ಎಂದು ಹಲವರು ತಿಳಿಯುತ್ತಾರೆ. ಹೊರಗಿನ ಯಂತ್ರ ಚಾಲೂ ಇರುವುದರಿಂದ, ಒಳಗಿನ ಯಂತ್ರ ಅದುವರೆಗೆ ಡಿಸ್ಕಿಗೆ ಕಳುಹಿಸಿದ್ದೆಲ್ಲ ಹೊರಗಿನ ಮೆಮೊರಿಯಲ್ಲಿ ಸುರಕ್ಷಿತವಾಗಿ ಉಳಿದು ನಿಧಾನವಾಗಿ ಡಿಸ್ಕಿಗೆ ಸೇರುತ್ತದೆ. ಆದ್ದರಿಂದ ಫ್ಲಶ್ ಆಜ್ಞೆಯನ್ನು, ಅಂದರೆ ಈಗಲೇ ಬರೆದು ಮುಗಿಸು ಎಂಬುದನ್ನು, ಕೊಡಲು ಮರೆತ ಫೈಲ್ ಸಿಸ್ಟಮ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇದಕ್ಕಾಗಿಯೇ ಕರ್ನಲ್‌ನಲ್ಲಿ ಡಿಎಂ-ಲಾಗ್-ರೈಟ್ಸ್ ಎಂಬ ಸೌಲಭ್ಯವಿದೆ, 2015ರ 4.1 ಆವೃತ್ತಿಯಿಂದಲೇ. ಅದು ಡಿಸ್ಕಿಗೆ ಹೋಗುವ ಪ್ರತಿಯೊಂದು ಬರಹವನ್ನೂ, ನಡುವೆ ಬಂದ ಫ್ಲಶ್ ಆಜ್ಞೆಗಳನ್ನೂ ಕ್ರಮವಾಗಿ ಎರಡನೆಯ ಡಿಸ್ಕಿನಲ್ಲಿ ದಾಖಲಿಸುತ್ತದೆ. ಆಮೇಲೆ ಆ ದಾಖಲೆಯನ್ನು ಬೇಕಾದ ಬಿಂದುವಿನವರೆಗೆ ಮಾತ್ರ ಮರುಬರೆದು, ಕರೆಂಟ್ ಅಲ್ಲಿಯೇ ಹೋಗಿದ್ದರೆ ಡಿಸ್ಕ್ ಹೇಗಿರುತ್ತಿತ್ತೋ ಆ ಸ್ಥಿತಿಯನ್ನು ತಂದು, ಮೌಂಟ್ ಮಾಡಿ (ಬಳಕೆಗೆ ಜೋಡಿಸಿ) ನೋಡಬಹುದು. ಒಂದೇ ಓಟದಿಂದ ನೂರಾರು ಬಿಂದುಗಳನ್ನು ಪರೀಕ್ಷಿಸಬಹುದು, ತೊಂದರೆ ಕಂಡ ಬಿಂದುವಿಗೆ ಎಷ್ಟು ಸಲ ಬೇಕಾದರೂ ಹಿಂತಿರುಗಬಹುದು. ಮೇಡಂ ಅವರ ಬಳಿ ಒಂದೇ ಅಳತೆಯ ಎರಡು ಡಿಸ್ಕುಗಳಿರುವುದು ಇದಕ್ಕೆ ಹೇಳಿ ಮಾಡಿಸಿದಂತಿದೆ, ಒಂದು ಪರೀಕ್ಷೆಗೆ, ಇನ್ನೊಂದು ದಾಖಲೆಗೆ.

ಕೊಪ್ಪಳದ ಉಪನ್ಯಾಸಕಿ

ಇಬ್ಬರಿಗೂ ಧನ್ಯವಾದಗಳು. ಲ್ಯಾಪ್‌ಟಾಪ್ ಇದೆ, ಕೇಬಲ್ ತರಿಸುತ್ತೇನೆ, ಮೆಮ್‌ಟೆಸ್ಟ್ ಇಂದು ರಾತ್ರಿಯೇ ಹಚ್ಚುತ್ತೇನೆ. ಇನ್ನೆರಡು ವಿಷಯಗಳನ್ನು ಕೇಳಬೇಕಾಗಿದೆ. ದೋಷ ಸಿಕ್ಕಾಗ ಅಭಿವೃದ್ಧಿ ಮಾಡುವವರು ಡಿಸ್ಕಿನ ಮೆಟಾಡೇಟಾದ (ಕಡತಗಳ ಹೆಸರು, ಜಾಗ ಮುಂತಾದ ವಿವರಗಳ) ಪ್ರತಿಯನ್ನು ಕೇಳುತ್ತಾರೆಂದು ಓದಿದ್ದೇನೆ. ನನ್ನ ಕಡತಗಳ ಹೆಸರುಗಳಲ್ಲಿ ವಿದ್ಯಾರ್ಥಿಗಳ ಹೆಸರು, ನೋಂದಣಿ ಸಂಖ್ಯೆಗಳು ಇರುವ ಸಾಧ್ಯತೆ ಇದೆ, ಅದನ್ನು ಹೊರಗೆ ಕಳುಹಿಸುವುದು ಸರಿಯಲ್ಲ. ಹಾಗೆಯೇ, ಇಂಗ್ಲಿಷಿನಲ್ಲಿ ಉದ್ದವಾಗಿ ಬರೆಯುವ ಅಭ್ಯಾಸ ನನಗೆ ಕಡಿಮೆ. ವರದಿ ಹೇಗಿರಬೇಕು?

ಸಿಂಧನೂರಿನ ಪ್ರೋಗ್ರಾಮರ್

ಮೇಡಂ, ಭಾಷೆಯ ಬಗ್ಗೆ ಚಿಂತಿಸಬೇಡಿ. ಒಳ್ಳೆಯ ದೋಷ ವರದಿಯಲ್ಲಿ ವಾಕ್ಯಗಳು ಕಡಿಮೆಯೇ ಇರುತ್ತವೆ. ಕರ್ನಲ್ ಮತ್ತು ಮಾಡ್ಯೂಲಿನ ಆವೃತ್ತಿ, ಫಾರ್ಮ್ಯಾಟ್ ಮಾಡಿದಾಗ ಕೊಟ್ಟ ಆಯ್ಕೆಗಳು, ಮೌಂಟ್ ಆಯ್ಕೆಗಳು, ಡಿಮೆಸೇಜ್ (ಕರ್ನಲ್‌ನ ಸಂದೇಶಗಳನ್ನು ತೋರಿಸುವ ಆಜ್ಞೆ) ತೋರಿಸಿದ ಪೂರ್ತಿ ಪಠ್ಯ, ಮಾಡಿದ ಕೆಲಸಗಳ ಕ್ರಮ, ಏನಾಗಬೇಕಿತ್ತು, ಏನಾಯಿತು, ಇಷ್ಟು ಸಾಕು. ಡಿಮೆಸೇಜ್‌ನಿಂದ ತಮಗೆ ಮುಖ್ಯವೆಂದು ತೋರಿದ ಎರಡು ಸಾಲುಗಳನ್ನು ಆರಿಸಿ ಕಳುಹಿಸಬೇಡಿ, ಮೊದಲಿನಿಂದ ಕೊನೆಯವರೆಗೆ ಕಳುಹಿಸಿ. ಕಾರಣ ಅನೇಕ ವೇಳೆ ಗದ್ದಲಕ್ಕಿಂತ ಬಹಳ ಮುಂಚಿನ ಒಂದು ಸಾಧಾರಣ ಸಾಲಿನಲ್ಲಿರುತ್ತದೆ. ಕರ್ನಲ್ ಪೂರ್ತಿ ನಿಂತುಬಿಟ್ಟರೆ ಆ ಪಠ್ಯ ಡಿಸ್ಕಿಗೆ ಸೇರುವುದೇ ಇಲ್ಲ. ಅದಕ್ಕಾಗಿ ನೆಟ್‌ಕನ್ಸೋಲ್ ಹಾಕಿಕೊಳ್ಳಿ, ರಾಯಚೂರಿನ ಸರ್ ಹೇಳಿದ ಅದೇ ಕೇಬಲ್ ಮೂಲಕ ಅದೇ ಲ್ಯಾಪ್‌ಟಾಪಿಗೆ ಕರ್ನಲ್‌ನ ಕೊನೆಯ ಮಾತುಗಳು ಬಂದು ಸೇರುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಹೇಳುತ್ತೇನೆ. ದೋಷ ಕಂಡ ಕೂಡಲೇ ಎಫ್‌ಎಸ್‌ಸಿಕೆ ಓಡಿಸಬೇಡಿ. ದುರಸ್ತಿ ಮಾಡುವ ಸಾಧನ ಮೊದಲು ಅಳಿಸುವುದೇ ದೋಷದ ಗುರುತುಗಳನ್ನು. ಆ ಡಿಸ್ಕನ್ನು ಮೌಂಟ್ ಮಾಡದೆ, ಮೆಟಾಡೇಟಾದ ಪ್ರತಿ ತೆಗೆದು, ಸಾಧ್ಯವಾದರೆ ಇಡೀ ಡಿಸ್ಕಿನ ಪ್ರತಿಯನ್ನೂ ತೆಗೆದು, ಆಮೇಲೆ ಆ ಪ್ರತಿಯ ಮೇಲೆ ದುರಸ್ತಿಯನ್ನು ಪ್ರಯತ್ನಿಸಿ. ಇದೇ ಕಾರಣಕ್ಕೆ ಪರೀಕ್ಷೆಗೆ 1 ಟಿಬಿಯ ಪೂರ್ತಿ ಡಿಸ್ಕನ್ನು ಕೊಡದೆ 50 ಜಿಬಿಯಷ್ಟು ವಿಭಾಗ ಮಾಡಿಕೊಂಡರೆ ಪ್ರತಿ ತೆಗೆಯುವುದು ಸುಲಭವಾಗುತ್ತದೆ, ಡಿಸ್ಕ್ ತುಂಬಿಸುವ ಪರೀಕ್ಷೆಗಳೂ ಬೇಗ ಮುಗಿಯುತ್ತವೆ.

ಮೆಟಾಡೇಟಾದಲ್ಲಿ ಕಡತದ ಒಳಗಿನ ಮಾಹಿತಿ ಸಾಮಾನ್ಯವಾಗಿ ಹೋಗುವುದಿಲ್ಲ, ಹೆಸರುಗಳು ಹೋಗುತ್ತವೆ, ತಮ್ಮ ಎಚ್ಚರಿಕೆ ಸರಿಯಾದದ್ದೇ. ಇನ್ನೊಂದು ಫೈಲ್ ಸಿಸ್ಟಮ್ ಆದ ಎಕ್ಸ್‌ಎಫ್‌ಎಸ್‌ನ ಮೆಟಾಡಂಪ್ ಸಾಧನ ತಾನಾಗಿಯೇ ಹೆಸರುಗಳನ್ನು ಮರೆಮಾಚುತ್ತದೆ. ಬಿಟಿಆರ್‌ಎಫ್‌ಎಸ್ ಮತ್ತು ಇಎಕ್ಸ್‌ಟಿ4ರ ಸಾಧನಗಳಲ್ಲಿ ಅದಕ್ಕೆ ಬೇರೆಯ ಆಯ್ಕೆ ಕೊಡಬೇಕು. ತಾವು ಪರೀಕ್ಷಿಸಲಿರುವುದು ಬಿಕ್ಯಾಶ್‌ಎಫ್‌ಎಸ್ ಆದ್ದರಿಂದ ಸಾಧನವನ್ನು ನೆಚ್ಚದೆ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಯಾವ ಕಡತವನ್ನೂ ಆ ವಿಭಾಗದೊಳಗೆ ಬಿಡದಿರುವುದೇ ಒಳ್ಳೆಯದು. ಒಮ್ಮೆ ಹಾಕಿ ಅಳಿಸಿದರೂ ಹೆಸರು ಎಲ್ಲಿಯಾದರೂ ಉಳಿದಿರಬಹುದು.

ಎಕ್ಸ್‌ಎಫ್‌ಎಸ್-ಟೆಸ್ಟ್ಸ್ ಎಂಬ ಪರೀಕ್ಷಾ ಗುಚ್ಛವನ್ನೂ ಓಡಿಸಿ. ಹೆಸರಿನಲ್ಲಿ ಎಕ್ಸ್‌ಎಫ್‌ಎಸ್ ಇದ್ದರೂ ಈಗ ಲಿನಕ್ಸ್‌ನ ಮುಖ್ಯ ಫೈಲ್ ಸಿಸ್ಟಮ್‌ಗಳೆಲ್ಲ ಅದನ್ನೇ ಬಳಸುತ್ತವೆ, ಯಾವ ಫೈಲ್ ಸಿಸ್ಟಮ್‌ಗಾದರೂ ಹೊಂದುವ ನೂರಾರು ಸಾಮಾನ್ಯ ಪರೀಕ್ಷೆಗಳು ಅದರಲ್ಲಿವೆ. ಮೊದಲು ಕ್ವಿಕ್ ಗುಂಪಿನಿಂದ ಆರಂಭಿಸಿ. ಅದು ಟೆಸ್ಟ್ ಮತ್ತು ಸ್ಕ್ರ್ಯಾಚ್ ಎಂಬ ಎರಡು ವಿಭಾಗಗಳನ್ನು ಕೇಳುತ್ತದೆ, ಸ್ಕ್ರ್ಯಾಚ್ ವಿಭಾಗವನ್ನು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡುತ್ತದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಯಂತ್ರ ಏರುವಾಗ ಅದಲು ಬದಲಾಗಬಹುದಾದ್ದರಿಂದ, ಡಿಸ್ಕಿನ ಕ್ರಮಸಂಖ್ಯೆ ಇರುವ ಬೈ-ಐಡಿ ಹೆಸರನ್ನೇ ಕೊಡಿ. ಶಾಸನದ ಚಿತ್ರಗಳ ಮೂಲ ಪ್ರತಿ ಇರುವ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಲೇಬೇಡಿ.

ಇನ್ನೊಂದು ವಿಚಾರ. ಹೊರಗಿನ ಮಾಡ್ಯೂಲ್ ಹಾಕಿದ ಕೂಡಲೇ ಕರ್ನಲ್ ತನ್ನನ್ನು ಟೇಂಟೆಡ್ (ಕಲಬೆರಕೆಯಾದದ್ದು) ಎಂದು ಗುರುತಿಸಿಕೊಳ್ಳುತ್ತದೆ. ಅದು ಸಹಜ, ಗಾಬರಿಯಾಗಬೇಡಿ. ಆದರೆ ಆ ಗುರುತಿರುವ ವರದಿಯನ್ನು ಕರ್ನಲ್‌ನ ಇತರ ಭಾಗದವರಿಗೆ ಕಳುಹಿಸಿದರೆ ಅವರು ಪರಿಗಣಿಸುವುದಿಲ್ಲ, ಬಿಕ್ಯಾಶ್‌ಎಫ್‌ಎಸ್ ಯೋಜನೆಯವರಿಗೇ ಕಳುಹಿಸಬೇಕು. ಹಿಂದಿನ ಆವೃತ್ತಿಯಲ್ಲಿ ಇಲ್ಲದ ದೋಷ ಹೊಸದರಲ್ಲಿ ಬಂದಿದ್ದರೆ ಗಿಟ್ ಬೈಸೆಕ್ಟ್ ಮಾಡಿಕೊಡಿ, ಅಂದರೆ ಎರಡು ಆವೃತ್ತಿಗಳ ನಡುವಿನ ಬದಲಾವಣೆಗಳಲ್ಲಿ ಮಧ್ಯದ್ದನ್ನು ಕಟ್ಟಿ ಪರೀಕ್ಷಿಸುತ್ತ ಹೋಗಿ. ಪ್ರತಿ ಹೆಜ್ಜೆಗೂ ಅನುಮಾನದ ವ್ಯಾಪ್ತಿ ಅರ್ಧವಾಗುವುದರಿಂದ ಸಾವಿರ ಬದಲಾವಣೆಗಳ ನಡುವೆ ತಪ್ಪಿತಸ್ಥ ಬದಲಾವಣೆಯನ್ನು ಹತ್ತೇ ಹೆಜ್ಜೆಗಳಲ್ಲಿ ಹಿಡಿಯಬಹುದು. ಕರ್ನಲ್ ಪೂರ್ತಿ ಕಟ್ಟುವ ಬದಲು ಮಾಡ್ಯೂಲ್ ಮಾತ್ರ ಕಟ್ಟಿದರೆ ಸಾಕಾಗುವುದು ತಮ್ಮ ಯಂತ್ರಕ್ಕೆ ಅನುಕೂಲ. ಕರ್ನಲ್ ಅಭಿವೃದ್ಧಿಯ ಅನುಭವವೇ ಬೇಡದ, ಅಭಿವೃದ್ಧಿ ಮಾಡುವವರ ಎಷ್ಟೋ ದಿನಗಳನ್ನು ಉಳಿಸುವ ಕೆಲಸ ಇದು.

ಗಂಗಾವತಿಯ ಓದುಗ

ನನ್ನದೊಂದು ಆಕ್ಷೇಪಣೆ ಇದೆ, ದಯವಿಟ್ಟು ತಪ್ಪು ತಿಳಿಯಬಾರದು. ದೊಡ್ಡ ಕಂಪನಿಗಳು ಸಾವಿರಾರು ಯಂತ್ರಗಳಲ್ಲಿ ಹಗಲಿರುಳು ಇಂತಹ ಪರೀಕ್ಷೆಗಳನ್ನು ನಡೆಸುತ್ತವೆ. ಸಿಂಧನೂರಿನವರು ಹೇಳಿದ ಪರೀಕ್ಷಾ ಗುಚ್ಛವನ್ನು ಅಭಿವೃದ್ಧಿ ಮಾಡುವವರೂ ಓಡಿಸಿಯೇ ಇರುತ್ತಾರೆ. ಒಬ್ಬ ಉಪನ್ಯಾಸಕಿ ತಮ್ಮ ಬಿಡುವಿನ ಸಮಯವನ್ನು ಇದರಲ್ಲಿ ಕಳೆದರೆ ಅದಕ್ಕಿಂತ ಹೆಚ್ಚಿನದೇನು ಸಿಕ್ಕೀತು?

ರಾಯಚೂರಿನ ಸಿಸ್ಟಮ್ ನಿರ್ವಾಹಕ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಉತ್ತರಕ್ಕೆ 2023ರ ನವೆಂಬರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಓಪನ್‌ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಪ್ರಾಯೋಗಿಕವೇನೂ ಅಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ ಝಡ್‌ಎಫ್‌ಎಸ್‌ನ ಮೂಲ ಸಂಕೇತ 2005ರಲ್ಲಿಯೇ ಮುಕ್ತವಾಗಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಅಂತಹದರಲ್ಲಿ, ಜೆಂಟೂ ಎಂಬ ಲಿನಕ್ಸ್ ಬಳಸುವ ಒಬ್ಬರು ಗೋ ಭಾಷೆಯ ಸಾಧನಗಳನ್ನು ತಮ್ಮ ಯಂತ್ರದಲ್ಲಿ ಕಟ್ಟಿ ಸ್ಥಾಪಿಸಿದಾಗ ನಕಲಾದ ಕೆಲವು ಕಡತಗಳ ನಡುವೆ ಸೊನ್ನೆಗಳು ತುಂಬಿರುವುದು ಕಂಡುಬಂತು. ಮೊದಲಿಗೆ ಆಗಷ್ಟೇ 2.2.0ಯಲ್ಲಿ ಬಂದಿದ್ದ ಬ್ಲಾಕ್ ಕ್ಲೋನಿಂಗ್ (ನಕಲು ಮಾಡುವ ಬದಲು ಒಂದೇ ಬ್ಲಾಕನ್ನು ಎರಡು ಕಡತಗಳು ಹಂಚಿಕೊಳ್ಳುವ ಸೌಲಭ್ಯ) ಮೇಲೆ ಅನುಮಾನ ಹೋಯಿತು, 2.2.1ರಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದರು. ಆಳಕ್ಕೆ ಇಳಿದಾಗ ದೋಷ ಎಷ್ಟೋ ವರ್ಷಗಳಿಂದ ಅಲ್ಲಿಯೇ ಇತ್ತೆಂದು ತಿಳಿಯಿತು. ಆಗ ತಾನೇ ಬರೆದ ಕಡತದಲ್ಲಿ ಖಾಲಿ ಜಾಗ ಎಲ್ಲಿದೆ ಎಂದು ಅದೇ ಕ್ಷಣದಲ್ಲಿ ಕೇಳಿದರೆ, ಅತಿ ಸೂಕ್ಷ್ಮವಾದ ಒಂದು ಅವಧಿಯಲ್ಲಿ, ಮಾಹಿತಿ ಇರುವ ಕಡೆಯನ್ನೂ ಖಾಲಿ ಎಂದು ಅದು ಉತ್ತರಿಸುತ್ತಿತ್ತು. ಹಿಂದೆ ಹೀಗೆ ಕೇಳುವ ಪ್ರೋಗ್ರಾಮ್‌ಗಳು ಅಪರೂಪವಾಗಿದ್ದವು, ಲಿನಕ್ಸ್‌ನ ಮೂಲ ಆಜ್ಞೆಗಳ ಗುಚ್ಛವಾದ ಕೋರ್‌ಯುಟಿಲ್ಸ್ 9ರಿಂದ ಸಾಮಾನ್ಯ ನಕಲು ಆಜ್ಞೆಯಾದ ಸಿಪಿಯೇ ಹಾಗೆ ಕೇಳತೊಡಗಿತು. 2.2.2 ಮತ್ತು 2.1.14ರಲ್ಲಿ ತಿದ್ದುಪಡಿ ಬಂತು.

ಅಷ್ಟೆಲ್ಲ ಯಂತ್ರಗಳು ಕಾಣದ್ದು ಇಲ್ಲಿ ಕಂಡದ್ದು ಹೊಸ ಸಿಪಿ, ಅನೇಕ ಕೋರ್‌ಗಳಲ್ಲಿ ಏಕಕಾಲಕ್ಕೆ ನಡೆದ ಕಟ್ಟುವ ಕೆಲಸ, ಈ ಫೈಲ್ ಸಿಸ್ಟಮ್ ಎಂಬ ಮೂರು ಒಂದೆಡೆ ಸೇರಿದ್ದರಿಂದ. ಕಂಪನಿಗಳ ಯಂತ್ರಗಳು ಸಾವಿರಾರು ಇದ್ದರೂ ಅವು ಬಹುಮಟ್ಟಿಗೆ ಒಂದೇ ತರಹದವು, ಒಂದೇ ತರಹದ ಕೆಲಸ ಮಾಡುತ್ತವೆ. ಮೇಡಂ ಅವರ ಮನೆಯ ಹಳೆಯ ಡಿಸ್ಕಿನ ಜೋಡಿ, ಅದರ ಮುಂದೆ ಒಂದು ಸಣ್ಣ ಎಸ್‌ಎಸ್‌ಡಿ, ಕಡಿಮೆ ರ‍್ಯಾಮ್, ಕನ್ನಡ ಹೆಸರಿನ ಕಡತಗಳು, ಇಂತಹ ಕೂಟ ಅಲ್ಲಿ ಎಲ್ಲಿಯೂ ಇರಲಾರದು.

ಸಿಂಧನೂರಿನ ಪ್ರೋಗ್ರಾಮರ್

ಸರ್ ಕನ್ನಡ ಹೆಸರುಗಳನ್ನು ಪ್ರಸ್ತಾಪಿಸಿದ್ದರಿಂದ ಇದನ್ನು ಸೇರಿಸುತ್ತೇನೆ, ಏಕೆಂದರೆ ಈ ಭಾಗವನ್ನು ನಾವು ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ.

ಲಿನಕ್ಸ್‌ನ ಬಹುತೇಕ ಫೈಲ್ ಸಿಸ್ಟಮ್‌ಗಳಲ್ಲಿ ಒಂದು ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನಲ್ಲಿ ಅದು 255 ಅಕ್ಷರ. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುವುದರಿಂದ ನಮಗೆ ಸಿಗುವುದು 85 ಸಂಕೇತ, ಒತ್ತಕ್ಷರ ಮತ್ತು ಕಾಗುಣಿತದ ಚಿಹ್ನೆಗಳೂ ಅದರಲ್ಲಿಯೇ ಸೇರಬೇಕು. ಶಾಸನದ ಊರು, ತಾಲೂಕು, ಜಿಲ್ಲೆ, ವಿವರಣೆಗಳನ್ನೆಲ್ಲ ಹೆಸರಿನಲ್ಲಿಯೇ ಬರೆಯುವವರು ಈ ಮಿತಿಯನ್ನು ನಿಜವಾಗಿಯೂ ಮುಟ್ಟುತ್ತಾರೆ. ಸರಿಯಾಗಿ 85 ಸಂಕೇತದ ಹೆಸರು, 86ರ ಹೆಸರು, ಎರಡನ್ನೂ ಸೃಷ್ಟಿಸಿ ನೋಡಿ. ಮಿತಿ 255 ಬೈಟ್ ಇರುವಲ್ಲಿ ಮೊದಲನೆಯದು ಸ್ವೀಕೃತವಾಗಬೇಕು, ಎರಡನೆಯದು ಸರಿಯಾದ ದೋಷ ಸಂದೇಶದೊಂದಿಗೆ ತಿರಸ್ಕೃತವಾಗಬೇಕು. ಬಿಕ್ಯಾಶ್‌ಎಫ್‌ಎಸ್‌ನ ಮಿತಿ ಬೇರೆ ಇರಬಹುದಾದ್ದರಿಂದ ಅದನ್ನು ಮೊದಲು ನೋಡಿಕೊಂಡು ಉದ್ದವನ್ನು ಹೊಂದಿಸಿಕೊಳ್ಳಿ.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದೇ ಅಕ್ಷರವನ್ನು ಎರಡು ರೀತಿ ಸಂಗ್ರಹಿಸಬಹುದೆಂಬುದು. "ಕೀ" ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘದ ಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. "ಕೋ" ಎಂಬಲ್ಲಿ ಬಿಡಿಸಿದರೆ ಮೂರು ಚಿಹ್ನೆಗಳಾಗುತ್ತವೆ. ಯೂನಿಕೋಡ್ ಪ್ರಕಾರ ಎರಡು ರೂಪಗಳೂ ಸಮಾನ. ಆಪಲ್‌ನ ಹಳೆಯ ಎಚ್‌ಎಫ್‌ಎಸ್+ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತಾದ್ದರಿಂದ ಅಲ್ಲಿಂದ ನಕಲು ಮಾಡಿದ ಕಡತಗಳಲ್ಲಿ ಎರಡನೆಯ ರೂಪ ಬರಬಹುದು. ಸಾಮಾನ್ಯ ಡೈರೆಕ್ಟರಿಯಲ್ಲಿ ಇವು ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಬೇರೆ ಕಡತಗಳು. ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ಎಂದು ಎಣಿಸುವ ಕೇಸ್‌ಫೋಲ್ಡ್ ಎಂಬ ಸೌಲಭ್ಯ ಹಚ್ಚಿದ ಡೈರೆಕ್ಟರಿಯಲ್ಲಿ ಇವೆರಡೂ ಒಂದೇ ಕಡತವೆಂದು ಎಣಿಕೆಯಾಗಬೇಕು. ಇಎಕ್ಸ್‌ಟಿ4ಗೆ ಈ ಸೌಲಭ್ಯ 2019ರ 5.2 ಕರ್ನಲ್‌ನಲ್ಲಿಯೂ ಬಿಕ್ಯಾಶ್‌ಎಫ್‌ಎಸ್‌ಗೆ 2025ರ 6.15ರಲ್ಲಿಯೂ ಬಂತು. ಬಿಕ್ಯಾಶ್‌ಎಫ್‌ಎಸ್‌ನಲ್ಲಿ ಅದು ಮೊದಲಿಗೆ ಸರಿಯಾಗಿ ಕೆಲಸ ಮಾಡದೆ, 6.15ರ ಅಂತಿಮ ಬಿಡುಗಡೆಗೆ ಮುನ್ನ ತಿದ್ದಬೇಕಾಯಿತು. ನಮಗೆ ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲದಿದ್ದರೂ ಈ ಸಮಾನತೆಯ ನಿಯಮ ಅದೇ ಸೌಲಭ್ಯದೊಳಗೆ ಇರುವುದರಿಂದ ಕನ್ನಡದ ಪರೀಕ್ಷೆ ಅಲ್ಲಿ ಅಗತ್ಯ.

"ರ‍್ಯಾಮ್" ಮತ್ತು "ಡೆಸ್ಕ್‌ಟಾಪ್" ಎಂದು ಬರೆಯುವಾಗ ನಡುವೆ ಬರುವ, ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಸಂಕೇತಗಳನ್ನೂ ಪಟ್ಟಿಗೆ ಸೇರಿಸಿ. ಅವು ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಕೇಸ್‌ಫೋಲ್ಡ್ ಹಚ್ಚದ ಒಂದೇ ಡೈರೆಕ್ಟರಿಯಲ್ಲಿ ಸೃಷ್ಟಿಸಿ, ಒಂದನ್ನು ಅಳಿಸಿ, ಇನ್ನೊಂದು ಉಳಿದಿದೆಯೇ ಎಂದು ನೋಡಿ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದ ಮೇಲೆಯೂ ಅದೇ ಉತ್ತರ ಬರಬೇಕು, ಇಲ್ಲದಿದ್ದರೆ ಮೆಮೊರಿಯಲ್ಲಿರುವ ಹೆಸರಿನ ಸಂಗ್ರಹಕ್ಕೂ ಡಿಸ್ಕಿಗೂ ಹೊಂದಾಣಿಕೆ ತಪ್ಪಿದೆ ಎಂದರ್ಥ. ಲ್ಯಾಪ್‌ಟಾಪಿಗೆ ಕಳುಹಿಸುವ ಸಾಲಿನಲ್ಲಿ ಹೆಸರನ್ನು ಅಕ್ಷರಗಳಲ್ಲಿ ಬರೆಯದೆ ಬೈಟ್‌ಗಳ ಹೆಕ್ಸಾಡೆಸಿಮಲ್ ರೂಪದಲ್ಲಿ ಬರೆಯುವಂತೆ ಪ್ರೋಗ್ರಾಮನ್ನು ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡು ರೂಪಗಳೂ ಪಟ್ಟಿಯಲ್ಲಿ ಒಂದೇ ರೀತಿ ಕಂಡು ಯಾವುದು ಕಳೆಯಿತೆಂಬುದು ತಿಳಿಯುವುದಿಲ್ಲ.